ಪಾರ್ವತಮ್ಮನ ಗುಡಿಯಲ್ಲಿ ಮೊದಲು ಅಳತೆ ಮಾಡಿ, ಗೆರೆ ಆಮೇಲೆ ಎಳೆಯಿರಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬಳ್ಳಾರಿ
ಮಾನ್ಯ ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು

ಮಾನ್ಯರೇ,

ಸಂಡೂರಿನ ಬೆಟ್ಟದಲ್ಲಿರುವ ಪಾರ್ವತಿ ಗುಡಿಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಮುಖ್ಯವಾಗಿ ಕೇಳಿಕೊಳ್ಳುವುದು ಒಂದೇ. ಗುಡಿಯಿಂದ ಇಷ್ಟು ದೂರದವರೆಗೆ ಗಣಿ ಬೇಡ ಎಂದು ಗೆರೆ ಎಳೆಯುವ ಮುಂಚೆ, ಗುಡಿಯ ಬುಡದಲ್ಲಿ ಕಂಪನ ಅಳೆಯುವ ಯಂತ್ರ ಇಡಿಸಿ. ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ ಆ ಕಲ್ಲು ಎಷ್ಟು ನಡುಗುತ್ತದೆ ಅಂತ ನೋಡಿ. ಅಳತೆ ಕೈಗೆ ಬಂದ ಮೇಲೆ ಗೆರೆ ಎಳೆಯಿರಿ. ಅಲ್ಲಿಯವರೆಗೆ ಗುಡಿಯ ಸುತ್ತಿನ ಬೆಟ್ಟದಲ್ಲಿ ಹೊಸದಾಗಿ ಏನನ್ನೂ ಅಗೆಯಲು ಬಿಡಬೇಡಿ.

ನಾನು ಸಂಡೂರು ತಾಲ್ಲೂಕಿನ ಹೆಣ್ಣುಮಗಳು. ಗಣಿ ಮುಚ್ಚಿಸಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ. ನಮ್ಮ ಮನೆತನದಲ್ಲೇ ಮೈನ್ಸ್‌ಗೆ ಹೋಗುವವರಿದ್ದಾರೆ, ಟಿಪ್ಪರ್ ಓಡಿಸುವವರಿದ್ದಾರೆ. ಈ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಅದಿರಿನ ದುಡ್ಡಿನಿಂದಲೇ. ಅದನ್ನು ತಿಳಿದೇ ಬರೆಯುತ್ತಿದ್ದೇನೆ.

ಕುಮಾರಸ್ವಾಮಿ ಗುಡಿ ಎಂದರೆ ಎಲ್ಲರಿಗೂ ಗೊತ್ತು. ಅದರ ಹತ್ತಿರದಲ್ಲೇ ಇರುವ ಪಾರ್ವತಿ ಗುಡಿಯ ಹೆಸರು ಹೊರಗಿನವರ ಬಾಯಲ್ಲಿ ಬರುವುದು ಕಡಿಮೆ. ಆದರೆ ವಯಸ್ಸಿನಲ್ಲಿ ತಾಯಿಯ ಗುಡಿಯೇ ದೊಡ್ಡದು. ಅದು ಬಾದಾಮಿ ಚಾಲುಕ್ಯರ ಕಾಲದ್ದು, 7-8ನೇ ಶತಮಾನದ ಕಟ್ಟಡ. ಮಗನ ಗುಡಿ ಎದ್ದದ್ದು ರಾಷ್ಟ್ರಕೂಟರ ಕಾಲದಲ್ಲಿ. ಹಂಪಿ ನಮಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ವಿಜಯನಗರ ಹುಟ್ಟಿದ್ದು 1336ರಲ್ಲಿ. ಆ ಹೊತ್ತಿಗೆ ನಮ್ಮ ಪಾರ್ವತಮ್ಮನ ಗುಡಿ ಐದಾರು ನೂರು ವರ್ಷ ಮಳೆ ಬಿಸಿಲು ಕಂಡಿತ್ತು. ಹಂಪಿಗೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು, ಪಟ್ಟದಕಲ್ಲಿಗೆ 1987ರಲ್ಲಿ. ಅದೇ ಚಾಲುಕ್ಯರ ಕಾಲದ ಈ ಗುಡಿ ಮಾತ್ರ ಅದಿರಿನ ಬೆಟ್ಟದ ಮಧ್ಯೆ ಸಿಕ್ಕಿಹಾಕಿಕೊಂಡಿದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ತಾಯಿಯ ಮೇಲೆ ಮುನಿಸಿಕೊಂಡ ಮಗ ಈ ಬೆಟ್ಟಕ್ಕೆ ಬಂದು ಕೂತ ಎಂದು ನಮ್ಮ ಕಡೆ ಕಥೆ ಹೇಳುತ್ತಾರೆ. ಹಿಂದಿನಿಂದ ಬಂದ ನಡವಳಿಕೆಯಂತೆ ಹೆಂಗಸರು ಕುಮಾರಸ್ವಾಮಿಯ ದರ್ಶನಕ್ಕೆ ಒಳಗೆ ಹೋಗುವುದಿಲ್ಲ. ಆ ನಡವಳಿಕೆ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ನಾನು ಹೇಳುತ್ತಿರುವುದು ಅದರಿಂದ ಆಗಿರುವ ಒಂದು ಸಂಗತಿ. ನಮ್ಮ ಅಜ್ಜಿಯಂದಿರಿಗೆ, ಅವ್ವಂದಿರಿಗೆ ಈ ಬೆಟ್ಟ ಎಂದರೆ ಪಾರ್ವತಮ್ಮ. ಗಂಡಸರು ಮಗನ ಹತ್ತಿರ ಹೋದರೆ ಹೆಂಗಸರು ತಾಯಿಯ ಹತ್ತಿರ ನಿಲ್ಲುತ್ತಾರೆ. ಉಡಿ ತುಂಬುವುದು, ಹರಕೆ ಹೇಳಿಕೊಳ್ಳುವುದು, ಮನೆಯಲ್ಲಿ ಯಾರಿಗೂ ಹೇಳದ ಮಾತು ಹೇಳಿಕೊಳ್ಳುವುದು ಎಲ್ಲಾ ಅವಳ ಮುಂದೆಯೇ. ಕುಮಾರಸ್ವಾಮಿ ಗುಡಿಗೆ ಏನಾದರೂ ಆದರೆ ಊರೆಲ್ಲ ಎದ್ದು ನಿಲ್ಲುತ್ತದೆ. ಪಾರ್ವತಿ ಗುಡಿಯ ಪರವಾಗಿ ಹೆಂಗಸರೇ ಮಾತಾಡಬೇಕು. ಅದಕ್ಕೇ ಬರೆಯಲು ಕೂತೆ.

ಸಂಡೂರಿನ ಈ ಬೆಟ್ಟಕ್ಕೆ ಇನ್ನೊಂದು ಹಿರಿಮೆ ಇದೆ. 1932ರಲ್ಲಿ ಇಲ್ಲಿನ ಘೋರ್ಪಡೆ ಅರಸರು ಕುಮಾರಸ್ವಾಮಿ ಗುಡಿಯ ಬಾಗಿಲನ್ನು ಎಲ್ಲ ಜಾತಿಯ ಜನರಿಗೆ ತೆಗೆದರು. ತಿರುವಾಂಕೂರಿನ ದೇವಸ್ಥಾನ ಪ್ರವೇಶದ ಘೋಷಣೆ ಬಂದದ್ದು 1936ರಲ್ಲಿ. ಅದಕ್ಕೂ ನಾಲ್ಕು ವರ್ಷ ಮುಂಚೆ ನಮ್ಮ ಬೆಟ್ಟದಲ್ಲಿ ಈ ಕೆಲಸ ಆಗಿತ್ತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಎಂದು ಅವರು ಹೇಳಿದರು ಅಂತ ಇಲ್ಲಿ ಚಿಕ್ಕ ಮಕ್ಕಳೂ ಹೇಳುತ್ತಾರೆ. ಆ ತಿಂಗಳು ಬೆಟ್ಟ ಹಸಿರಾಗಿರುತ್ತದೆ, ಮೋಡ ಕೆಳಗೆ ಇಳಿದಿರುತ್ತದೆ, ಹಳ್ಳಗಳಲ್ಲಿ ನೀರು ಇರುತ್ತದೆ. ಈಗಲೂ ಬಂದು ನೋಡಿ. ಹಸಿರು ಇದೆ. ಅದರ ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗುಡ್ಡವೂ ಇದೆ.

ಹಳೆಯ ಶಾಸನಗಳನ್ನು ನೋಡಿದರೆ ಈ ಸೀಮೆಗೆ ಕಾರ್ತಿಕೇಯನ, ಅಂದರೆ ಕುಮಾರಸ್ವಾಮಿಯ, ನಂಟು ಎಷ್ಟು ಹಳೆಯದು ಎಂಬುದು ತಿಳಿಯುತ್ತದೆ. ಬಳ್ಳಾರಿ ಹತ್ತಿರದ ಕೊಳಗಲ್ಲಿನಲ್ಲಿ 967ರ ಶಾಸನ ಇದೆ. ರಾಷ್ಟ್ರಕೂಟ ಮೂರನೇ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದ ಕಾಲದ್ದು. ದೂರದ ಬಂಗಾಳದ ವರೇಂದ್ರಿಯಿಂದ ಬಂದ ಗದಾಧರ ಎಂಬ ಮುನಿ ಅಲ್ಲಿ ಕಾರ್ತಿಕೇಯನನ್ನು ಪ್ರತಿಷ್ಠೆ ಮಾಡಿದ್ದನ್ನು ಅದು ಹೇಳುತ್ತದೆ. ಬಂಗಾಳದಿಂದ ಬಳ್ಳಾರಿ ಸೀಮೆಗೆ, ಅದೂ ಸಾವಿರ ವರ್ಷದ ಹಿಂದೆ! ಅಷ್ಟು ದೂರದ ಸಾಧಕರನ್ನು ಎಳೆದುಕೊಂಡ ನಾಡು ಇದು. ಆ ಮುನಿ ಬರುವ ಹೊತ್ತಿಗೆ ಪಾರ್ವತಿ ಗುಡಿ ಆಗಲೇ ಹಳೆಯದಾಗಿತ್ತು.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ.

ಗುಡಿಯ ಹೊರಗೋಡೆಯ ಹತ್ತಿರ ನಿಂತು ನೋಡಿ. ಆ ಕಾಲದ ಗುಡಿಗಳಲ್ಲಿ ಗಾರೆ ಹಾಕಿ ಕಲ್ಲು ಅಂಟಿಸುವ ಪದ್ಧತಿ ಇರಲಿಲ್ಲ. ಒಂದು ಕಲ್ಲಿನ ಮೇಲೆ ಇನ್ನೊಂದನ್ನು ಕಡಿದು ಕೂರಿಸಿದ್ದಾರೆ. ತನ್ನ ತೂಕದಿಂದಲೇ ಮೇಲಿನದು ಕೆಳಗಿನದನ್ನು ಹಿಡಿದುಕೊಂಡಿದೆ. ಎರಡು ಕಲ್ಲು ಕೂಡುವ ಜಾಗಕ್ಕೆ ಬೆರಳಿಟ್ಟು ಎಳೆಯಿರಿ. ಬೆರಳ ತುದಿ ಕೆಂಪಾಗುತ್ತದೆ. ಕುಂಕುಮ ಅಲ್ಲ, ಅದಿರಿನ ಧೂಳು. ಹಿಟ್ಟಿನಂತೆ ನುಣ್ಣಗಿರುತ್ತದೆ. ಸಂದು ಸಂದಿನಲ್ಲಿ ಅದು ಕೂತಿರುತ್ತದೆ. ಮೊದಲ ಮಳೆ ಬಿದ್ದಾಗ ನೀರಿನ ಜೊತೆ ಬೆರೆತು ಗೋಡೆಯ ಮೇಲೆ ಕೆಂಪು ಗೆರೆ ಗೆರೆಯಾಗಿ ಇಳಿಯುತ್ತದೆ.

ಧೂಳನ್ನು ತೊಳೆಯಬಹುದು. ಜೋರಾಗಿ ಉಜ್ಜದೆ, ಆ್ಯಸಿಡ್ ಹಾಕದೆ, ಬರೀ ನೀರು ಮೆತ್ತನೆಯ ಬ್ರಷ್ ಹಿಡಿದು ತಿಳಿದವರು ತೊಳೆದರೆ ಹೋಗುತ್ತದೆ. ನಡುಗಿದ ಕಲ್ಲನ್ನು ಏನು ಮಾಡುತ್ತೀರಿ? ಕೂಡಿಸಿ ಇಟ್ಟ ಕಲ್ಲು ಪ್ರತಿ ಬ್ಲಾಸ್ಟಿಗೂ ಸಣ್ಣಗೆ ಅಲುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಹೀಗೆ ಅಲುಗಿದರೆ ಸಂದು ಅಗಲವಾಗುತ್ತದೆ. ಸಂದಿಗೆ ಮಳೆನೀರು ಇಳಿಯುತ್ತದೆ. ಹಕ್ಕಿ ತಂದು ಹಾಕಿದ ಅರಳಿ ಬೀಜ ಅಲ್ಲಿ ಮೊಳೆಯುತ್ತದೆ. ಅರಳಿಯ ಬೇರು ಒಳಗೆ ಹೋದ ಮೇಲೆ ಗೋಡೆ ಬಾಗಲು ಬೇರೆ ಕಾರಣ ಬೇಡ. ಆಮೇಲೆ ಒಂದು ಮಳೆಗಾಲದಲ್ಲಿ ಗೋಡೆ ಕುಸಿದರೆ, ಹಳೆ ಕಟ್ಟಡ, ಮಳೆಗೆ ಬಿತ್ತು ಎಂದು ವರದಿ ಬರೆಯುತ್ತಾರೆ. ಬ್ಲಾಸ್ಟಿನ ಹೆಸರು ಎಲ್ಲಿಯೂ ಬರುವುದಿಲ್ಲ. ನನಗೆ ಇರುವ ದೊಡ್ಡ ಭಯ ಇದೇ.

ಇದಕ್ಕೆ ಸರ್ಕಾರದ ಬಳಿಯೇ ಅಳತೆಗೋಲು ಇದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲೇ ಒಂದು ಸುತ್ತೋಲೆ ಹೊರಡಿಸಿದೆ. ಬ್ಲಾಸ್ಟಿಂಗಿನಿಂದ ನೆಲ ಎಷ್ಟು ವೇಗದಲ್ಲಿ ಅಲುಗಬಹುದು ಎಂದು ಕಟ್ಟಡದ ಬಗೆ ನೋಡಿ ಅದರಲ್ಲಿ ಮಿತಿ ಹಾಕಿದ್ದಾರೆ. ಗಣಿಯವರಿಗೆ ಸೇರದ ಸಾಮಾನ್ಯ ಮನೆಗಳಿಗೆ ನಿಧಾನದ ಕಂಪನದಲ್ಲಿ, ಅಂದರೆ ಅದು 8 ಹರ್ಟ್ಜ್‌ಗಿಂತ (ಸೆಕೆಂಡಿಗೆ 8 ಸಲ ಅಲುಗುವುದಕ್ಕಿಂತ) ಕಡಿಮೆ ಇದ್ದಾಗ, ಸೆಕೆಂಡಿಗೆ 5 ಮಿಲಿಮೀಟರ್. ಐತಿಹಾಸಿಕ ಮಹತ್ವದ ಕಟ್ಟಡಗಳಿಗೆ ಅದೇ ಕಂಪನದಲ್ಲಿ ಸೆಕೆಂಡಿಗೆ 2 ಮಿಲಿಮೀಟರ್ ಮಾತ್ರ. ಅಂದರೆ ಇಟ್ಟಿಗೆ ಸಿಮೆಂಟಿನ ಮನೆ ತಡೆದುಕೊಳ್ಳುವ ಅಲುಗಾಟದ ಅರ್ಧಕ್ಕಿಂತ ಕಡಿಮೆ. ಇಂಥ ಗುಡಿ ಎಷ್ಟು ನಾಜೂಕು ಎಂದು ಗಣಿ ಸುರಕ್ಷತೆಯ ಎಂಜಿನಿಯರುಗಳಿಗೇ ಗೊತ್ತಿದೆ. ನಾವು ಭಕ್ತಿಯಿಂದ ಹೇಳುವ ಮಾತನ್ನು ಅವರು ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ, ಅಷ್ಟೇ.

ಗುಡಿಯಿಂದ 300 ಮೀಟರ್ ಬಿಟ್ಟರೆ ಸಾಕಲ್ವಾ ಎನ್ನುವವರಿದ್ದಾರೆ. ಈ 300 ಎಲ್ಲಿಂದ ಬಂತು ಎಂದು ದಯವಿಟ್ಟು ಕೇಳಿ ನೋಡಿ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂದಾಯಿತು. ಕೂಡಿಸಿದರೆ 300. ಇದು ಕೂಡಲೇ ಕಣ್ಣಿಗೆ ಬೀಳುವುದು ಊರೊಳಗಿನ ಸ್ಮಾರಕಗಳ ಹತ್ತಿರ. ಯಾರೋ ಮನೆ ಕಟ್ಟುತ್ತಾರೆ, ಅಂಗಡಿ ಎಬ್ಬಿಸುತ್ತಾರೆ, ಅಲ್ಲಿ ಅದು ಸರಿ. ಆದರೆ ಬೆಟ್ಟವನ್ನೇ ಸಿಡಿಸುವ ಕೆಲಸಕ್ಕೆ ಅದೇ ಅಳತೆ ಹೇಗೆ ಸಾಕಾಗುತ್ತದೆ? ಕಂಪನ ಬರೀ ದೂರದ ಮೇಲೆ ನಿಂತಿಲ್ಲ. ಒಂದೇ ಸಲಕ್ಕೆ ಎಷ್ಟು ಕೆಜಿ ಮದ್ದು ಸಿಡಿಸುತ್ತಾರೆ ಎನ್ನುವುದರ ಮೇಲೂ ನಿಂತಿದೆ. ನಡುವೆ ಇರುವ ಕಲ್ಲು ಗಟ್ಟಿಯೋ ಸಡಿಲವೋ ಎನ್ನುವುದರ ಮೇಲೂ ನಿಂತಿದೆ. ಮದ್ದು ಜಾಸ್ತಿ ಆದರೆ ದೂರದಲ್ಲೂ ನಡುಗುತ್ತದೆ. ಮದ್ದಿನ ಲೆಕ್ಕ ಇಲ್ಲದೆ ಬರೀ ಮೀಟರ್ ಲೆಕ್ಕ ಹಾಕಿದರೆ ಆ ಗೆರೆಗೆ ಏನೂ ಅರ್ಥ ಇಲ್ಲ. 300 ಮೀಟರಿಗೂ ಇದೇ ಮಾತು, ಒಂದು ಕಿಲೋಮೀಟರಿಗೂ ಇದೇ ಮಾತು. ಅದಕ್ಕೇ ಮೊದಲು ಅಳೆಯಿರಿ ಅಂತ ಬೇಡಿಕೊಳ್ಳುವುದು.

ಒತ್ತಡ ಜಾಸ್ತಿ ಆಗುತ್ತಿದೆ ಎಂಬುದೂ ಸತ್ಯ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ದಿನಗಳಲ್ಲಿ ಸಂಡೂರಿನ ರಸ್ತೆಯಲ್ಲಿ ಎಷ್ಟೋ ವರ್ಷದ ಮೇಲೆ ಗಾಳಿ ತಿಳಿಯಾಗಿತ್ತು. ಆಮೇಲೆ ಮಿತಿ ಹಾಕಿ ಮತ್ತೆ ಶುರು ಮಾಡಿದರು. ಬಳ್ಳಾರಿಯ ಮಿತಿ ವರ್ಷಕ್ಕೆ 2.8 ಕೋಟಿ ಟನ್ ಇದ್ದದ್ದು 2022ರಲ್ಲಿ 3.5 ಕೋಟಿ ಟನ್ ಆಯಿತು. ಜಾಸ್ತಿ ಅದಿರು ಅಂದರೆ ಜಾಸ್ತಿ ಬ್ಲಾಸ್ಟ್, ಜಾಸ್ತಿ ಲಾರಿ. 2024ರಲ್ಲಿ ನಮ್ಮ ತಾಲ್ಲೂಕಿನ ದೇವದಾರಿ ಬೆಟ್ಟದ ಹೊಸ ಗಣಿಯ ವಿಷಯ ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಗಣಿಗೆ ಹೋಗುವುದು 401 ಹೆಕ್ಟೇರ್ ಕಾಡು, 99,330 ಮರ. ಸ್ವಾಮಿಮಲೈ ಅರಣ್ಯದ ಒಳಗಿನ ಮಾತು ಅದು. ಮರ ಲೆಕ್ಕ ಹಾಕಿದ್ದಾರೆ, ಒಳ್ಳೆಯದು. ಗುಡಿಯ ಕಲ್ಲುಗಳನ್ನು ಯಾರಾದರೂ ಲೆಕ್ಕ ಹಾಕಿದ್ದಾರಾ?

ಸುಮ್ನೆ ಹೆದರಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ನಮ್ಮ ಜಿಲ್ಲೆಯಲ್ಲಿ ಒಂದು ಅಮ್ಮನ ಗುಡಿ ಹೀಗೇ ಹೋಗಿದೆ. ಆಂಧ್ರದ ಗಡಿಯಲ್ಲಿ, ಬಳ್ಳಾರಿ ಮೀಸಲು ಅರಣ್ಯದಲ್ಲಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಗಣಿಗಾರಿಕೆಗೆ ನೆಲಸಮವಾಯಿತು. ಎರಡು ರಾಜ್ಯದ ಜನ ನಡೆದುಕೊಳ್ಳುತ್ತಿದ್ದ ದೇವಿ. ಗುಡಿ ಹೋದ ಮೇಲೆ ಗಲಾಟೆ ಆಯಿತು, ದೂರು ಆಯಿತು, ಪತ್ರಿಕೆಗಳಲ್ಲಿ ಬಂತು. ಹೋದ ಗುಡಿ ಬರಲಿಲ್ಲ. ಸುಗ್ಗಲಮ್ಮನ ಪರವಾಗಿ ಎಲ್ಲರೂ ಮಾತಾಡಿದ್ದು ಆಮೇಲೆ. ಪಾರ್ವತಮ್ಮನ ಪರವಾಗಿ ಮುಂಚೆಯೇ ಮಾತಾಡೋಣ.

ಗುಡಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದಲ್ಲ ಎಂದೂ ಕೆಲವರು ಹೇಳುತ್ತಾರೆ. ಹಾಗೆ ಮಾಡಿದ ಉದಾಹರಣೆ ಇದೆ, ಇಲ್ಲ ಎನ್ನುವುದಿಲ್ಲ. ಶ್ರೀಶೈಲದ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಕಟ್ಟಿದರು. ಅದೂ ಚಾಲುಕ್ಯರ ಕಾಲದ್ದೇ. ಅಲ್ಲಿ ಬೇರೆ ದಾರಿ ಇರಲಿಲ್ಲ, ನೀರು ಬರುವುದು ಖಚಿತವಾಗಿತ್ತು. ಇಲ್ಲಿ ಹಾಗಿಲ್ಲ. ಇಲ್ಲಿ ಬೆಟ್ಟ ಇದೆ, ಗುಡಿಯೂ ಇದೆ, ಅದಿರು ಬೇರೆ ಕಡೆಯೂ ಇದೆ. ತಾಯಿ ಮಗನ ಕಥೆ ನಡೆದದ್ದು ಈ ಬೆಟ್ಟದಲ್ಲಿ. ಗುಡಿಯನ್ನು ಬಯಲಿಗೆ ತಂದಿಟ್ಟರೆ ಕಲ್ಲು ಬರುತ್ತದೆ. ಬೆಟ್ಟ ಹತ್ತಿ ಹೋಗುವ ದಾರಿ, ಕಾಡಿನ ನೆರಳು, ಪಕ್ಕದ ಮಗನ ಗುಡಿ, ಇವು ಬರುವುದಿಲ್ಲ.

ಬೆಟ್ಟದ ನೀರಿನ ವಿಷಯವನ್ನೂ ಸ್ವಲ್ಪ ನೋಡಿ. ಹರಿಶಂಕರ ತೀರ್ಥದಲ್ಲಿ ಬೇಸಿಗೆಯಲ್ಲೂ ನೀರು ಬರುತ್ತದೆ. ಬೆಟ್ಟ ಮಳೆಯನ್ನು ಕುಡಿದು ಇಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ಅದು ಸಾಧ್ಯ. ಮೇಲಿನ ಪದರ ತೆಗೆದರೆ ನೀರು ನಿಲ್ಲಲು ಜಾಗ ಇರುವುದಿಲ್ಲ. ಆದ್ದರಿಂದ ಗೆರೆ ಎಳೆಯುವಾಗ ಗುಡಿಯನ್ನು ಮಧ್ಯದಲ್ಲಿಟ್ಟು ಕೈವಾರದಲ್ಲಿ ಒಂದು ವೃತ್ತ ಬರೆದರೆ ಸಾಲದು. ನೀರು ಯಾವ ಕಡೆ ಇಳಿಯುತ್ತದೆ, ಜನ ಯಾವ ದಾರಿಯಲ್ಲಿ ನಡೆದು ಬರುತ್ತಾರೆ, ಕಾಡು ಎಲ್ಲಿಯವರೆಗೆ ದಟ್ಟವಾಗಿದೆ, ಇವನ್ನು ನಡೆದು ನೋಡಿ ಗೆರೆ ಹಾಕಬೇಕು.

ಮಾನ್ಯ ಆಯುಕ್ತರೇ, ನಿಮ್ಮಲ್ಲಿ ಒಂದು ಬೇಡಿಕೆ. ಗುಡಿಯ ಪ್ರತಿ ಗೋಡೆ, ಪ್ರತಿ ಕಂಬ, ಪ್ರತಿ ಬಿರುಕಿನ ಫೋಟೊ ಮತ್ತು ನಕ್ಷೆ ಈಗಲೇ ಮಾಡಿಸಿ. ಬಿರುಕು ಇರುವ ಕಡೆ ತೆಳ್ಳನೆ ಗಾಜಿನ ಪಟ್ಟಿ ಕೂರಿಸಿ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಆಗಾಗ ನೋಡಿ ಬರೆದಿಟ್ಟರೆ ಯಾವಾಗ ಎಂದೂ ಗೊತ್ತಾಗುತ್ತದೆ. ದೊಡ್ಡ ಖರ್ಚಿನ ಕೆಲಸ ಅಲ್ಲ. ಇವತ್ತಿನ ಸ್ಥಿತಿ ದಾಖಲೆಯಲ್ಲಿ ಇಲ್ಲದಿದ್ದರೆ ನಾಳೆ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ. ಇನ್ನೊಂದು ಮಾತು. ರಿಪೇರಿ ಹೆಸರಿನಲ್ಲಿ ಸಂದಿಗೆ ಸಿಮೆಂಟ್ ತುಂಬಿಸಬೇಡಿ, ಗೋಡೆಗೆ ಆಯಿಲ್ ಪೇಂಟ್ ಬಳಿಯಲು ಬಿಡಬೇಡಿ. ಭಕ್ತರೇ ಬಂದು ಚೆನ್ನಾಗಿ ಕಾಣಲಿ ಎಂದು ಕೇಳಿದರೂ ಬಿಡಬೇಡಿ. ಸಿಮೆಂಟಿನಿಂದ ಒಳಗಿನ ತೇವ ಹೊರಗೆ ಬರುವುದಿಲ್ಲ, ಅದರ ಉಪ್ಪು ಹಳೆಯ ಕಲ್ಲನ್ನು ಪುಡಿ ಮಾಡುತ್ತದೆ.

ಮಾನ್ಯ ಜಿಲ್ಲಾಧಿಕಾರಿಗಳೇ, ದುಡ್ಡಿಲ್ಲ ಎನ್ನುವ ಮಾತು ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. 2015ರಲ್ಲಿ ಗಣಿ ಕಾಯ್ದೆಗೆ ಆದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿಯಿಂದ ತೊಂದರೆಗೆ ಸಿಕ್ಕ ಜನರಿಗೆ, ಊರುಗಳಿಗೆ ಎಂದೇ ಅದರಲ್ಲಿ ಹಣ ಸೇರುತ್ತದೆ. ಗಣಿಯಿಂದ ಹಾಳಾದ ಪರಿಸರ ಸರಿಪಡಿಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. ಆ ನಿಧಿಗಳ ಮುಂದೆ ಒಂದು ಕಂಪನ ಮಾಪಕದ ಬೆಲೆ ಏನೂ ಅಲ್ಲ. ಗಣಿ ಕಂಪನಿಗಳು ತಾವೇ ಅಳೆದು ತಾವೇ ಬರೆದುಕೊಡುವ ಅಳತೆ ನಮಗೆ ಬೇಡ. ಗಣಿಗೆ ಸಂಬಂಧ ಇಲ್ಲದ, ಈ ವಿಷಯ ತಿಳಿದ ಸಂಸ್ಥೆಯೊಂದು ಅಳೆಯಲಿ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಅಳೆಯಲಿ. ಯಾಕೆಂದರೆ ಒದ್ದೆ ನೆಲದಲ್ಲಿ ಕಂಪನ ಹರಿಯುವ ರೀತಿ ಬೇರೆ, ಒಣ ನೆಲದಲ್ಲಿ ಬೇರೆ. ಯಾವ ದಿನ ಎಷ್ಟು ಬಂತು ಎಂಬುದನ್ನು ಗುಡಿಯ ಹತ್ತಿರ ಮತ್ತು ಸಂಡೂರಿನ ತಾಲ್ಲೂಕು ಕಚೇರಿಯ ಮುಂದೆ ಕನ್ನಡದಲ್ಲಿ ಬರೆದು ಹಾಕಿಸಿ. ಓದಲು ಬರುವವರು ಓದುತ್ತಾರೆ, ಬರದವರಿಗೆ ನಾವು ಓದಿ ಹೇಳುತ್ತೇವೆ.

ಅಳತೆಯ ವರದಿ ಬಂದ ಮೇಲೆ ಸಂಡೂರಿನಲ್ಲೇ ಒಂದು ಸಭೆ ಕರೆಯಿರಿ. ಬಳ್ಳಾರಿಯಲ್ಲಿ ಬೇಡ, ಬೆಂಗಳೂರಿನಲ್ಲಂತೂ ಬೇಡ. ಕೂಲಿ ಬಿಟ್ಟು ಅಷ್ಟು ದೂರ ಬರಲು ನಮ್ಮ ಹೆಂಗಸರಿಗೆ ಆಗುವುದಿಲ್ಲ. ಬೆಟ್ಟದ ಸುತ್ತಿನ ಹಳ್ಳಿಗಳಿಗೆ, ಲಂಬಾಣಿ ತಾಂಡಾಗಳಿಗೆ ಮುಂಚೆಯೇ ಡಂಗುರ ಹೊಡೆಸಿ. ಸಭೆಯಲ್ಲಿ ಹೆಂಗಸರಿಗೆ ಮೊದಲು ಮೈಕ್ ಕೊಡಿ. ಗುಡಿಗೆ ಹೆಚ್ಚಾಗಿ ನಡೆದುಕೊಳ್ಳುವವರು ಅವರು. ಗೋಡೆಯ ಯಾವ ಕಲ್ಲು ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿದೆ. ಅವರು ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಅವರ ಮಾತಿನಲ್ಲೇ ಬರೆಸಿ.

ನೀವಿಬ್ಬರೂ ಒಮ್ಮೆ ಒಟ್ಟಿಗೆ ಬಂದು ಗುಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಬ್ಲಾಸ್ಟಿಂಗ್ ಇರುವ ದಿನವೇ ಬನ್ನಿ. ಆ ಹೊತ್ತಿಗೆ ಗುಡಿಯ ಒಳಗೆ ಇರಿ. ನಾವು ಹತ್ತಿರದ ಹಳ್ಳಿಗಳ ಹೆಂಗಸರು ಅವತ್ತು ಅಲ್ಲೇ ಇರುತ್ತೇವೆ. ಬರುವ ತಾರೀಖನ್ನು ತಾಲ್ಲೂಕು ಕಚೇರಿಗೆ ಒಂದು ವಾರ ಮುಂಚೆ ತಿಳಿಸಿದರೆ ಸಾಕು.

ಇಂತಿ ವಿಶ್ವಾಸದಿಂದ,
ಸಂಡೂರು ತಾಲ್ಲೂಕಿನ ಒಬ್ಬ ಹೆಣ್ಣುಮಗಳು